ಗಾಜಿನ ಪೆಟ್ಟಿಗೆಗೆ ಐವರ ತಕರಾರು

ನಮ್ಮ ಬಳಗದ ಕಳೆದ ಸರ್ವಸದಸ್ಯರ ಸಭೆಯಲ್ಲಿ ಒಂದು ನಿರ್ಣಯ ಅಂಗೀಕಾರವಾಯಿತು. ಕಚೇರಿಯ ಮೂಲೆಯಲ್ಲಿ ಹತ್ತು ಹನ್ನೆರಡು ವರ್ಷಗಳಿಂದ ಮೂಕವಾಗಿ ನಿಂತಿರುವ ತಂಬೂರಿಗೂ ಅದರ ಪಕ್ಕದ ಕಾಲು ಹಾರ್ಮೋನಿಯಮ್ಮಿಗೂ ಹೊಳಪು ಬರುವಂತೆ ವಾರ್ನಿಶ್ ಹೊಡೆಸತಕ್ಕದ್ದು. ಎರಡನ್ನೂ ಬಾಗಿಲ ಬಳಿ ಗಾಜಿನ ಪೆಟ್ಟಿಗೆಯಲ್ಲಿರಿಸಿ ಒಳಗೊಂದು ದೀಪ ಹಾಕತಕ್ಕದ್ದು. ‘ನಮ್ಮ ಪರಂಪರೆ’ ಎಂಬ ಫಲಕ ಬರೆಸತಕ್ಕದ್ದು. ಹಾಡುವವರ ಅನುಕೂಲಕ್ಕೆ ಒಂದು ವಿದ್ಯುತ್ ತಂಬೂರಿ ಕೊಳ್ಳತಕ್ಕದ್ದು. ಬಹುಮತ, ಚಪ್ಪಾಳೆ, ಆಮೇಲೆ ಉಪ್ಪಿಟ್ಟು. ಕೈ ಎತ್ತದೆ ಕುಳಿತವರು ಐವರು. ಈ ಬರಹ ಆ ಐವರದು. ಸಭೆಯಲ್ಲಿ ನಮಗೆ ದೊರೆತದ್ದು ಮೂರು ನಿಮಿಷ. ಇಲ್ಲಿ ಸ್ವಲ್ಪ ಹೆಚ್ಚು ಜಾಗ ಕೇಳುತ್ತಿದ್ದೇವೆ.

ನಮ್ಮ ವಾದ ಗುಟ್ಟಿನದೇನೂ ಅಲ್ಲ. ಹಳೆಯ ವಾದ್ಯವನ್ನು ರಿಪೇರಿ ಮಾಡಿಸಿ ನುಡಿಸಬೇಕು. ಬೇಕೆನಿಸಿದರೆ ಅದರ ಅಂಗಗಳನ್ನು ಬದಲಿಸಿ, ಇಂದಿನ ಕಂಠಕ್ಕೂ ಇಂದಿನ ಕೋಣೆಗೂ ಹೊಂದಿಸಿ ನುಡಿಸಬೇಕು. ದೀಪ ಹಾಕಿ ತೋರಿಸುವುದಕ್ಕೆ ‘ಸಂರಕ್ಷಣೆ’ ಎಂಬ ದೊಡ್ಡ ಹೆಸರು ಕೊಡುವುದನ್ನು ನಾವು ಒಪ್ಪುವುದಿಲ್ಲ. ಹೊರನಾಡಿನ ಕನ್ನಡ ಸಂಘಗಳು ಈ ಚಾಳಿಗೆ ಬಹಳ ಬೇಗ ಬೀಳುತ್ತವೆ ಎಂಬುದು ನಮ್ಮ ಎರಡನೆಯ ಆಕ್ಷೇಪ. ಊರಿನಲ್ಲಿದ್ದರೆ ಬಳಕೆಯ ವಸ್ತುವಾಗಿರುತ್ತಿದ್ದದ್ದು ಊರು ಬಿಟ್ಟೊಡನೆ ಪೂಜೆಯ ವಸ್ತುವಾಗುತ್ತದೆ. ಬೀಸುವ ಕಲ್ಲು, ಕಂದೀಲು, ತಾಮ್ರದ ಹಂಡೆ, ಈಗ ತಂಬೂರಿ.

ನಾವಿರುವುದು ಛತ್ರಪತಿ ಸಂಭಾಜಿನಗರದಲ್ಲಿ. ಹಳಬರ ಬಾಯಲ್ಲಿ ಇನ್ನೂ ಔರಂಗಾಬಾದು. ಪ್ರತಿ ಚಳಿಗಾಲ ಬಳಗದವರೆಲ್ಲ ಚಿತ್ರಾನ್ನ ಕಟ್ಟಿಕೊಂಡು ಹದಿನೈದು ಕಿಲೋಮೀಟರು ದೂರದ ದೌಲತಾಬಾದ್ ಕೋಟೆಗೆ ಹೋಗುವುದು ವಾಡಿಕೆ. ಮಕ್ಕಳು ಟಗರಿನ ತಲೆಯ ತೋಪನ್ನು ನೋಡುತ್ತವೆ, ಚಾಂದ್ ಮಿನಾರಿನ ಮುಂದೆ ಫೋಟೋ ಆಗುತ್ತದೆ, ‘ಅಂಧೇರಿ’ ಎಂಬ ಕತ್ತಲ ದಾರಿಯಲ್ಲಿ ಬಾವಲಿ ಕಂಡು ಕಿರುಚಾಟವಾಗುತ್ತದೆ. ಮಹಮ್ಮದ್ ಬಿನ್ ತುಘಲಕ್ 1327ರಲ್ಲಿ ದಿಲ್ಲಿಯನ್ನೇ ಇಲ್ಲಿಗೆ ಹೊತ್ತು ತಂದ ಕಥೆ ಎಲ್ಲರಿಗೂ ಗೊತ್ತು. ಅದಕ್ಕೂ ಮುಂಚೆ ಇದು ದೇವಗಿರಿ, ಸೇವುಣರ ರಾಜಧಾನಿ ಎಂಬುದೂ ಗೊತ್ತು. ಸೇವುಣರ ಶಾಸನಗಳಲ್ಲಿ ಬಹಳಷ್ಟು ಕನ್ನಡದವು ಎಂದು ನಮ್ಮಲ್ಲೊಬ್ಬರು ಪ್ರತಿವರ್ಷ ತಪ್ಪದೆ ಭಾಷಣ ಮಾಡುತ್ತಾರೆ. ಪ್ರತಿವರ್ಷವೂ ನಾವು ಹೆಮ್ಮೆಪಡುತ್ತೇವೆ. ಆದರೆ ಆ ಗುಡ್ಡದ ಮೇಲೆ ನಿಂತು ಶಾರ್ಙ್ಗದೇವನ ಹೆಸರನ್ನು ಯಾರೂ ಎತ್ತಿದ್ದು ನಮಗೆ ನೆನಪಿಲ್ಲ.

13ನೆಯ ಶತಮಾನದಲ್ಲಿ, ಸಿಂಘಣ ರಾಜನ ಕಾಲದಲ್ಲಿ, ಈ ದೇವಗಿರಿಯಲ್ಲೇ ‘ಸಂಗೀತರತ್ನಾಕರ’ ರಚನೆಯಾಯಿತು. ಬರೆದ ಶಾರ್ಙ್ಗದೇವ ರಾಜನ ಲೆಕ್ಕಪತ್ರದ ಅಧಿಕಾರಿ. ಅವನ ಅಜ್ಜ ಕಾಶ್ಮೀರದಿಂದ ದಕ್ಷಿಣಕ್ಕೆ ಬಂದವನು. ಎಂದರೆ ಅವನೂ ನಮ್ಮಂತೆಯೇ ಹೊರನಾಡಿಗನ ಮೊಮ್ಮಗ, ನಮ್ಮಲ್ಲಿ ಅನೇಕರಂತೆಯೇ ಲೆಕ್ಕ ಬರೆಯುವ ಕೆಲಸದವನು. ಅವನ ಗ್ರಂಥದ ಏಳು ಅಧ್ಯಾಯಗಳಲ್ಲಿ ಆರನೆಯದು ವಾದ್ಯಾಧ್ಯಾಯ. ಸಂಗೀತಶಾಸ್ತ್ರವೆಂದರೆ ನಾದಬ್ರಹ್ಮದ ಮಾತು ಎಂದು ತಿಳಿದು ಅದನ್ನು ತೆರೆದವರು ಬಡಗಿಯ ಅಂಗಡಿಗೆ ಹೊಕ್ಕಂತೆ ಬೆಚ್ಚುತ್ತಾರೆ. ಅಂಗುಲದ ಲೆಕ್ಕ, ಮರದ ಆಯ್ಕೆ, ಚರ್ಮದ ಹದ, ಬುರುಡೆಯ ಗಾತ್ರ, ಒಳ್ಳೆಯ ವಾದ್ಯದ ಗುಣ, ಕೆಟ್ಟದ್ದರ ದೋಷ. ಏಕತಂತ್ರೀ ವೀಣೆಯ ವರ್ಣನೆಯಲ್ಲಿ ಒಂದು ಪುಟ್ಟ ವಸ್ತು ಬರುತ್ತದೆ: ತಂತಿಗೂ ಅದನ್ನು ಹೊತ್ತ ಲೋಹದ ಹಲಗೆಗೂ ನಡುವೆ ತೂರಿಸುವ ಬಿದಿರ ಸಿಪ್ಪೆಯ ಒಂದು ಚೂರು. ಅದರ ಹೆಸರು ‘ಜೀವಾ’. ನಮ್ಮ ತಂಬೂರಿಯ ಕುದುರೆಯ ಮೇಲೆ, ತಂತಿಯ ಕೆಳಗೆ ಸಿಕ್ಕಿಸುವ ಎಳೆದಾರವನ್ನು ಈಗಲೂ ನಾವು ‘ಜೀವ’ ಎನ್ನುತ್ತೇವೆ. ಬಿದಿರು ಹೋಗಿ ದಾರ ಬಂತು. ಹೆಸರು ನಿಂತಿತು, ಕೆಲಸವೂ ನಿಂತಿತು. ನಮ್ಮ ಕಚೇರಿಯ ತಂಬೂರಿಯಲ್ಲಿ ಆ ದಾರ ಇಲ್ಲವಾಗಿ ಎಷ್ಟು ಕಾಲವಾಯಿತೋ ಯಾರಿಗೂ ತಿಳಿಯದು. ಗಾಜಿನ ಪೆಟ್ಟಿಗೆಯ ಅಂದಾಜು ಪಟ್ಟಿಯಲ್ಲಿ ಒಂದು ಮೊಳ ದಾರಕ್ಕೆ ಜಾಗವಿರಲಿಲ್ಲ.

‘ಪರಂಪರೆ’ ಎಂಬ ಫಲಕ ಬರೆಸಲು ಹೊರಟವರು ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ನಾವು ಅನಾದಿಯೆಂದು ಕೈಮುಗಿಯುವ ಇಂದಿನ ರೂಪದ ತಂಬೂರಿ ಆ ಗ್ರಂಥದಲ್ಲಿ ಇಲ್ಲ. ಇಂದಿನ ಸರಸ್ವತೀ ವೀಣೆಯೂ ಇಲ್ಲ. ಇರುವುದು ಏಕತಂತ್ರೀ, ಆಲಾಪಿನೀ, ಕಿನ್ನರೀ ಮೊದಲಾದವು. ಕಿನ್ನರಿಯಲ್ಲೇ ಚಿಕ್ಕದು, ದೊಡ್ಡದು ಎಂದು ಭೇದ. ಶಾಸ್ತ್ರದ್ದು ಬೇರೆ, ಜನರ ಕೈಯಲ್ಲಿದ್ದ ದೇಶೀ ಕಿನ್ನರಿ ಬೇರೆ. ಮೆಟ್ಟಿಲುಗಳಿದ್ದ ಆ ಕಿನ್ನರಿ ಕಲ್ಯಾಣದ ಶರಣ ಕಿನ್ನರಿ ಬೊಮ್ಮಯ್ಯನ ಹೆಸರಿಗೇ ಅಂಟಿಕೊಂಡಿತು, ಕಿನ್ನರಿ ಜೋಗಿಗಳ ಹೆಗಲೇರಿ ಭಾರತದ ಕಥೆ ಹೇಳುತ್ತ ನಮ್ಮ ಹಳ್ಳಿಗಳನ್ನು ಸುತ್ತಿತು. 15ನೆಯ ಶತಮಾನದಲ್ಲಿ ವಿಜಯನಗರದ ಕಲ್ಲಿನಾಥ ಅದೇ ಗ್ರಂಥಕ್ಕೆ ‘ಕಲಾನಿಧಿ’ ಎಂಬ ವ್ಯಾಖ್ಯಾನ ಬರೆಯುವ ಹೊತ್ತಿಗೆ ಸಂಗೀತವೂ ವಾದ್ಯವೂ ಬಹಳಷ್ಟು ಹೊರಳಿದ್ದವು. 17ನೆಯ ಶತಮಾನದ ತಂಜಾವೂರಿನಲ್ಲಿ ರಘುನಾಥ ನಾಯಕನ ಕಾಲಕ್ಕೆ ವೀಣೆಗೆ ಇಪ್ಪತ್ತನಾಲ್ಕು ಮೆಟ್ಟಿಲುಗಳು ಸ್ಥಿರವಾದವು. ಆ ಆಸ್ಥಾನದ ಮಂತ್ರಿ ಗೋವಿಂದ ದೀಕ್ಷಿತರು ಕನ್ನಡ ಮನೆತನದವರು ಎಂದು ನಮ್ಮವರು ಎದೆಯುಬ್ಬಿಸಿ ಹೇಳುತ್ತಾರೆ. ಹೇಳಲಿ. ಆದರೆ ಆ ಹೆಮ್ಮೆಯ ಒಳಗಿರುವುದು ಒಂದು ಮಾರ್ಪಾಟು: ಇದ್ದ ವಾದ್ಯವನ್ನು ಇದ್ದಂತೆ ಬಿಡದೆ ಕೈ ಹಾಕಿದ ಧೈರ್ಯ.

ಆ ವೀಣೆಯಾದರೂ ಒಮ್ಮೆ ಮಾಡಿ ಮುಗಿಸುವ ವಸ್ತುವೇ? ಮೆಟ್ಟಿಲುಗಳು ಕೂರುವುದು ಮೇಣದ ಮೇಲೆ. ಮೇಣ ಸೆಕೆಗೆ ಸಡಿಲಾಗುತ್ತದೆ, ಕಾಲಕ್ಕೆ ಒಣಗುತ್ತದೆ. ಬೆರಳ ಒತ್ತಡಕ್ಕೆ ಮೆಟ್ಟಿಲು ಕೂದಲೆಳೆಯಷ್ಟು ಕುಸಿದರೂ ಗಾಂಧಾರ ಅಪಸ್ವರವಾಗುತ್ತದೆ. ಆದ್ದರಿಂದ ಕೆಲವು ವರ್ಷಗಳಿಗೊಮ್ಮೆ ಹಳೆಯ ಮೇಣ ಕಿತ್ತು, ಹೊಸದಾಗಿ ಹದ ಮಾಡಿ, ಕಿವಿಯಿಂದಲೇ ಒಂದೊಂದು ಸ್ವರಸ್ಥಾನವನ್ನು ಹುಡುಕಿ ‘ಮೇಳ ಕಟ್ಟಿಸಬೇಕು’. ಮೈಸೂರಿನಲ್ಲಾಗಲಿ, ದೊಡ್ಡಬಳ್ಳಾಪುರ ತಾಲ್ಲೂಕಿನ ಸಿಂಪಾಡಿಪುರದಲ್ಲಾಗಲಿ ವೀಣೆ ಮಾಡುವವರನ್ನು ಕೇಳಿ ನೋಡಿ: ಮೇಳ ಕಟ್ಟುವವನಿಲ್ಲದಿದ್ದರೆ ವೀಣೆ ಹಲಸಿನ ಮರದ ಒಂದು ಭಾರ ಅಷ್ಟೇ. ಮಾಡಿದವರು ಅದನ್ನು ಮತ್ತೆಮತ್ತೆ ಬಿಚ್ಚಿ ಕಟ್ಟುವುದಕ್ಕೆಂದೇ ಮಾಡಿದ್ದಾರೆ. ಬೀಗ ಹಾಕಿ ಇಡುವುದಕ್ಕೆ ಮಾಡಿದ್ದಲ್ಲ.

ನಮ್ಮ ತಂಬೂರಿಯ ಕಡೆಗೆ ಬರೋಣ. ಧಾರವಾಡದಿಂದ ವರ್ಗವಾಗಿ ಬಂದ ಬ್ಯಾಂಕಿನ ಅಧಿಕಾರಿಯೊಬ್ಬರು ನಿವೃತ್ತಿಯ ಸಮಯದಲ್ಲಿ ಬಳಗಕ್ಕೆ ಕೊಟ್ಟುಹೋದದ್ದು. ಅವರ ತಾಯಿ ಅದರ ಮೇಲೆ ದಾಸರ ಪದ ಹಾಡುತ್ತಿದ್ದರಂತೆ. ಮಿರಜದ ಕೆಲಸ ಎಂಬುದು ದಂಡಿಯ ಮೇಲಿನ ಕೆತ್ತನೆಯನ್ನು ನೋಡಿದೊಡನೆ ತಿಳಿಯುತ್ತದೆ. ಬುರುಡೆ ಕೆಳಗಡೆ ಅಂಗೈ ಅಗಲ ಒಡೆದಿದೆ. ಎರಡು ಬಿರಡೆಗಳು ತಿರುಗುವುದಿಲ್ಲ. ಯಾರೋ ಪುಣ್ಯಾತ್ಮರು ಒಮ್ಮೆ ಸೀಳಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ತುಂಬಿಸಿದ್ದಾರೆ. ಸಭೆಯಲ್ಲಿ ‘ಇದು ಇನ್ನು ನುಡಿಯುವುದಿಲ್ಲ’ ಎಂಬ ಮಾತಿಗೆ ಯಾರೂ ಎದುರು ಹೇಳಲಿಲ್ಲ, ಏಕೆಂದರೆ ನುಡಿಸುವವರನ್ನಾಗಲಿ ಮಾಡುವವರನ್ನಾಗಲಿ ಯಾರೂ ಕೇಳಿರಲಿಲ್ಲ. ಹಾಗಾಗಿ ನಾವು ಕೇಳಲು ಹೋದೆವು. ಎರಡು ಕಂಬಳಿ ಸುತ್ತಿ, ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು, ನಾನೂರಕ್ಕೂ ಹೆಚ್ಚು ಕಿಲೋಮೀಟರು.

ಮಿರಜದ ವಿಷಯ ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಗಡಿಯಾಚೆ ಕಾಗವಾಡ, ಅಥಣಿ. ಅಬ್ದುಲ್ ಕರೀಮ್ ಖಾನರು ನೆಲೆಸಿದ ಊರು ಅದು. ಅವರಿಂದ ಕಲಿತವರು ಕುಂದಗೋಳದ ಸವಾಯಿ ಗಂಧರ್ವರು, ಸವಾಯಿ ಗಂಧರ್ವರಿಂದ ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿ. ಮಲ್ಲಿಕಾರ್ಜುನ ಮನ್ಸೂರರು ಬಾಲ್ಯದಲ್ಲಿ ನೀಲಕಂಠಬುವಾ ಅವರಿಂದ ಪಾಠ ಹೇಳಿಸಿಕೊಂಡದ್ದೂ ಮಿರಜದ ನಂಟಿನಿಂದಲೇ. ಅಲ್ಲಿ ವಾದ್ಯ ಮಾಡುವ ಮನೆತನಗಳ ಮೂಲ ವೃತ್ತಿ ಕತ್ತಿಗಳಿಗೆ ಸಾಣೆ ಹಿಡಿಯುವುದು, ಅವರು ಶಿಕಲಗಾರರು. 19ನೆಯ ಶತಮಾನದಲ್ಲಿ ಕತ್ತಿಗೆ ಕೆಲಸ ಕಡಿಮೆಯಾದಾಗ, ಪಟವರ್ಧನ ಸಂಸ್ಥಾನಿಕರ ಆಶ್ರಯದಲ್ಲಿ, ಫರೀದಸಾಹೇಬರೆಂಬ ಕುಶಲಿಗಳಿಂದ ಆರಂಭವಾಗಿ ಅದೇ ಕೈಗಳು ಸಿತಾರು ತಂಬೂರಿಗಳಿಗೆ ತಿರುಗಿದವು. ‘ಸಿತಾರಮೇಕರ್’ ಎಂಬುದು ಈಗ ಅವರ ಅಡ್ಡಹೆಸರು. ಎಂದರೆ ಮಿರಜದಲ್ಲಿ ಮೊದಲು ಮಾರ್ಪಟ್ಟದ್ದು ವಾದ್ಯವಲ್ಲ, ವಾದ್ಯ ಮಾಡುವ ಕೈ.

ಅಂಗಡಿಯಲ್ಲಿ ಕುಳಿತಿದ್ದ ಉಸ್ತಾದರಿಗೆ ಎಪ್ಪತ್ತು ದಾಟಿರಬಹುದು. ಕಂಬಳಿ ಬಿಚ್ಚುವ ಮೊದಲೇ ದಂಡಿಯ ತುದಿ ಕಂಡು ನಕ್ಕರು. ಬೆರಳ ಗೆಣ್ಣಿನಿಂದ ತಬಲಿಯ ಮೇಲೆ ನಾಲ್ಕು ಕಡೆ ತಟ್ಟಿದರು, ಕಿವಿ ಹತ್ತಿರ ತಂದರು. ನಾವು ಉಸಿರು ಹಿಡಿದು ನಿಂತೆವು.

“ಹೊಟ್ಟಿ ಒಡದದ. ಎದಿ ಚಲೋ ಅದರಿ” ಎಂದರು. ಆ ಗಡಿಯ ಕನ್ನಡ ಕೇಳಿ ನಮಗಾದ ಸಂತೋಷವನ್ನು ಏನೆಂದು ಹೇಳುವುದು! “ಇಂಥಾ ತೂಣ್ ಕಟಗಿ ಈಗ ಎಲ್ಲಿ ಸಿಗತದ? ಐವತ್ತ ವರ್ಷ ಒಣಗೇದ ಇದು. ಇದನ್ನ ಕಪಾಟಿನ್ಯಾಗ ಇಡತೀರಿ?”

ಇಡುತ್ತೇವೆ ಎಂದು ನಿರ್ಣಯವಾಗಿದೆ ಎಂದು ಹೇಳಲು ನಾಚಿಕೆಯಾಯಿತು. ನಮ್ಮಲ್ಲೊಬ್ಬರು ಹೇಳಿಯೇಬಿಟ್ಟರು. ಅವರು ಬೈಯಲಿಲ್ಲ, ಬಿರಡೆಯೊಂದನ್ನು ಕಿತ್ತು ನೋಡುತ್ತ, “ಸಾಹೇಬ್ರ, ಬಾರಸದ ತಂಬೂರಿ ತಾನ ತಾನ ಕೆಡತದರಿ” ಎಂದರಷ್ಟೇ.

ಇದು ಭಾವುಕತೆಯ ಮಾತಲ್ಲ, ಮರಗೆಲಸದ ಮಾತು. ತಂತಿ ಬಿಗಿದಿದ್ದಾಗ ದಂಡಿ ಒಂದು ಎಳೆತಕ್ಕೆ ಹೊಂದಿಕೊಂಡಿರುತ್ತದೆ; ಒಂದು ತಂತಿ ಹೋಗಿ ಉಳಿದವು ಹಾಗೇ ಬಿಗಿದಿದ್ದರೆ ಎಳೆತ ಒಂದೇ ಕಡೆಗೆ ಬಿದ್ದು ದಂಡಿ ಸೊಟ್ಟಗಾಗುತ್ತದೆ. ದಿನವೂ ತಿರುಗಿಸುವ ಬಿರಡೆ ತನ್ನ ತೂತಿಗೆ ಒಗ್ಗಿ ಕೂರುತ್ತದೆ. ತಿರುಗಿಸದಿದ್ದರೆ ಮಳೆಗಾಲದಲ್ಲಿ ಉಬ್ಬಿ ಕಚ್ಚಿಕೊಳ್ಳುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಜಾರುತ್ತದೆ. ಕೈಯಾಡದ ಬುರುಡೆಗೆ ಹುಳು ಬೀಳುತ್ತದೆ, ಬಿದ್ದದ್ದು ತಿಳಿಯುವುದೂ ಇಲ್ಲ. ಗಾಜಿನ ಪೆಟ್ಟಿಗೆಯೊಳಗೆ ದೀಪವನ್ನೂ ಹಾಕಿದರೆ ಆ ಕಾವಿಗೆ ತಬಲಿಯ ಅಂಟು ಬಿಡುತ್ತದೆ. ಮೇಲಿನ ದಪ್ಪ ವಾರ್ನಿಶ್ ತೆಳ್ಳನೆಯ ತಬಲಿಯ ಕಂಪನವನ್ನು ಕುಗ್ಗಿಸುತ್ತದೆ. ಉಳಿಸಲು ಮಾಡುವ ಒಂದೊಂದು ಕೆಲಸವೂ ಅದನ್ನು ನಿಧಾನವಾಗಿ ಕೊಲ್ಲುವ ಕೆಲಸವೇ.

ಬುರುಡೆಗೆ ಎರಡು ದಾರಿಗಳೆಂದರು. ಸೀಳನ್ನು ಶುಚಿಮಾಡಿ, ಒಳಗಿನಿಂದ ಬಟ್ಟೆ ಅಂಟಿಸಿ, ಹೊರಗೆ ಅರಗು ತುಂಬಿ ಬಣ್ಣ ಕೂಡಿಸುವುದು ಒಂದು. ಬುರುಡೆಯನ್ನೇ ಬದಲಿಸುವುದು ಇನ್ನೊಂದು. ಭೋಪಳಾ ಎಂಬ ಈ ದಪ್ಪ ಸಿಪ್ಪೆಯ ಕಾಯಿ ಪಂಢರಪುರದ ಕಡೆ, ಭೀಮೆಯ ದಡದ ಹೊಲಗಳಲ್ಲಿ ಬೆಳೆಯುತ್ತದೆ, ತಿಂಗಳುಗಟ್ಟಲೆ ಒಣಗಬೇಕು. ಹಳೆಯ ದಂಡಿಗೆ ಹೊಸ ಬುರುಡೆ, ಹಳೆಯ ಬುರುಡೆಗೆ ಹೊಸ ತಬಲಿ, ಅಲ್ಲಿ ಇದು ನಿತ್ಯದ ವ್ಯವಹಾರ. ‘ಹಾಗಾದರೆ ಇದು ಅದೇ ತಂಬೂರಿಯೇ?’ ಎಂದು ನಮ್ಮಲ್ಲಿ ತತ್ತ್ವಶಾಸ್ತ್ರ ಓದಿದವರು ಕೇಳಿದರು. ಉಸ್ತಾದರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ದನಿ ಅದೇ ಆಗಿದ್ದರೆ ತಂಬೂರಿ ಅದೇ.

ಆ ದನಿ ಕುದುರೆಯ ಮೇಲಿದೆ. ತಂತಿಗಳು ಕುಳಿತ ಆ ಅಗಲ ಪಟ್ಟಿ ನೋಡಲು ಸಪಾಟು. ನಿಜಕ್ಕೂ ಅದರಲ್ಲೊಂದು ಕಣ್ಣಿಗೆ ಕಾಣದ ಇಳಿಜಾರಿದೆ. ಮಿಡಿದ ತಂತಿ ಆ ಇಳಿಜಾರನ್ನು ಸವರುತ್ತ ಕಂಪಿಸುವುದರಿಂದ ಒಂದೇ ಸ್ವರದೊಳಗಿಂದ ಹತ್ತಾರು ಉಪಸ್ವರಗಳು ಅರಳುತ್ತವೆ. ಅದೇ ಜವಾರಿ. ಆದರೆ ನುಡಿಸುವ ತಂತಿಯೇ ದಿನದಿನಕ್ಕೂ ಆ ಪಟ್ಟಿಯಲ್ಲಿ ಗೀರು ಕೊರೆಯುತ್ತದೆ. ಗೀರು ಆಳವಾದಂತೆ ದನಿ ಮೊಂಡಾಗುತ್ತದೆ. ಆಗ ಅರದಿಂದ ಮತ್ತೆ ಉಜ್ಜಿ ಇಳಿಜಾರನ್ನು ಮರಳಿ ತರಬೇಕು. ಉಜ್ಜುವುದು, ತಂತಿ ಏರಿಸುವುದು, ಕೇಳುವುದು, ಇಳಿಸುವುದು, ಮತ್ತೆ ಉಜ್ಜುವುದು. ನಮ್ಮೆದುರಿಗೆ ಬೇರೊಂದು ತಂಬೂರಿಗೆ ಈ ಕೆಲಸ ಎರಡು ಗಂಟೆಗೂ ಮೀರಿ ನಡೆಯಿತು. ಒಂದು ಹಂತದಲ್ಲಿ, ಸುಮ್ಮನೆ ‘ಟಣ್’ ಎನ್ನುತ್ತಿದ್ದ ತಂತಿ ಥಟ್ಟನೆ ಅಂಗಡಿಯ ತುಂಬ ಹರಡಿತು. ನಾವು ಐವರೂ ಒಮ್ಮೆಗೇ ತಲೆಯೆತ್ತಿದೆವು. ಹಿಂದೆ ಈ ಪಟ್ಟಿಗೆ ಜಿಂಕೆ ಕೊಂಬು ಬಳಸುತ್ತಿದ್ದರು. 1972ರ ವನ್ಯಜೀವಿ ಕಾಯಿದೆಯ ನಂತರ ಅದು ಸಲ್ಲದು. ಈಗ ಒಂಟೆಯ ಮೂಳೆ, ಕರಿಮರ, ಕೃತಕ ವಸ್ತು ಬಂದಿವೆ. ಕಾನೂನು ಸರಿಯಾದದ್ದೇ. ಕುಶಲಕರ್ಮಿಗಳು ಅದಕ್ಕೂ ಹೊಂದಿಕೊಂಡರು, ದನಿ ಉಳಿಯಿತು. ವಸ್ತು ಬದಲಾದರೆ ಪರಂಪರೆ ಕೆಟ್ಟಿತು ಎನ್ನುವವರಿಗೆ ಇದಕ್ಕಿಂತ ಉತ್ತರ ಬೇಕೆ?

ಅಂಥವರು ನಮ್ಮ ಬಳಗದಲ್ಲಿದ್ದಾರೆ. ನಮಗೆ ಗೌರವವಿರುವ ಹಿರಿಯರು. ಅವರ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲು ನಮಗೆ ಮನಸ್ಸಿಲ್ಲ. ‘ಮೂಲ ರೂಪಕ್ಕೆ ಕೈ ಹಾಕಬಾರದು, ಮುಂದಿನವರು ನೋಡಬೇಕು’ ಎಂಬುದು ಅವರ ಮಾತು. ಕೆಲವು ವಾದ್ಯಗಳ ವಿಷಯದಲ್ಲಿ ಅದು ಸರಿ. ಪುಣೆಯ ರಾಜಾ ದಿನಕರ ಕೇಳ್ಕರ್ ವಸ್ತುಸಂಗ್ರಹಾಲಯದಲ್ಲಿ ವಾದ್ಯಗಳ ದೊಡ್ಡ ಸಂಗ್ರಹವಿದೆ. ಇನ್ನೆಲ್ಲೂ ಸಿಗದ ಒಂದು ಮಾದರಿ ಅಲ್ಲಿ ತಂತಿ ಸಡಿಲಿಸಿಕೊಂಡು ಮಲಗಿದ್ದರೆ ಅದನ್ನು ಉಜ್ಜಬೇಡಿ ಎಂದೇ ನಾವೂ ಹೇಳುತ್ತೇವೆ. ಅಳೆಯುವವರಿಗೆ, ಹೊಸದಾಗಿ ಮಾಡುವವರಿಗೆ ಅದು ಆಧಾರ. ಆದರೆ ಒಬ್ಬ ಅಮ್ಮ ಅಡುಗೆಮನೆಯ ಪಕ್ಕ ಕುಳಿತು ಮೀಟಿದ ತಂಬೂರಿ ಅಂಥ ಅಪೂರ್ವ ಮಾದರಿಯಲ್ಲ. ಅದರ ಮೂಲ ರೂಪವೇ ಬಳಕೆ.

ಹಾಗೂ ‘ಮೂಲ ರೂಪ’ದ ದೇವರಂತೆ ಜಗತ್ತು ಪೂಜಿಸುವ ಪಿಟೀಲುಗಳ ಕಥೆ ಏನು? ಕ್ರೆಮೋನಾದ ಸ್ಟ್ರಾಡಿವೇರಿ 1737ರಲ್ಲಿ ತೀರಿಕೊಂಡ. ಅವನ ಕೈಯಿಂದ ಬಂದ ಪಿಟೀಲುಗಳಲ್ಲಿ ಇಂದು ವೇದಿಕೆಯ ಮೇಲಿರುವವುಗಳ ಕತ್ತು ಬಹುಪಾಲು ಅವನು ಮಾಡಿದ್ದಲ್ಲ. 18ನೆಯ ಶತಮಾನದ ಕೊನೆಯಿಂದ ಸಭಾಂಗಣಗಳು ದೊಡ್ಡದಾದವು, ಹೆಚ್ಚು ದನಿ ಬೇಕಾಯಿತು. ಕತ್ತು ತೆಗೆದು ಉದ್ದ ಮಾಡಿದರು, ಓರೆ ಹೆಚ್ಚಿಸಿದರು, ಒಳಗಿನ ಪಟ್ಟಿ ಬದಲಿಸಿದರು. ಹಾಗೆ ಕತ್ತರಿಸಿಕೊಂಡದ್ದರಿಂದಲೇ ಅವು ಇಂದಿಗೂ ನುಡಿಯುತ್ತಿವೆ. ನಮ್ಮ ಚೌಡಯ್ಯನವರು (1895–1967) ಮಾಡಿದ್ದೂ ಅದನ್ನೇ. ಧ್ವನಿವರ್ಧಕ ಎಲ್ಲೆಡೆ ಇರದ ಕಾಲದಲ್ಲಿ, ದೂರ ಕುಳಿತವರಿಗೂ ಕೇಳಲೆಂದು, ನಾಲ್ಕು ತಂತಿಯ ಪಿಟೀಲಿನ ಮೂರು ತಂತಿಗಳಿಗೆ ಜೊತೆ ತಂತಿ ಕೂಡಿಸಿ ಏಳು ಮಾಡಿದರು. ಶುದ್ಧಿವಾದಿಗಳು ಆಗಲೂ ಮೂಗು ಮುರಿದಿರಬೇಕು. ಅವರ ಹೆಸರಿಗೆ ಬೆಂಗಳೂರಿನಲ್ಲಿ 1980ರಲ್ಲಿ ಪಿಟೀಲಿನ ಆಕಾರದ ಭವನವೇ ಎದ್ದಿತು. ಕಾಂಕ್ರೀಟಿನ ಪಿಟೀಲಿಗೆ ನಾವು ವಂತಿಗೆ ಕೊಡಬಲ್ಲೆವು, ಮರದ ಪಿಟೀಲಿಗೆ ಬಿರಡೆ ಹಾಕಿಸಲು ಹಿಂದೆಮುಂದೆ ನೋಡುತ್ತೇವೆ! ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮರುಳಾದ ಕದ್ರಿ ಗೋಪಾಲನಾಥರು ಅದರ ಕೀಲಿಗಳನ್ನು ಗಮಕಕ್ಕೆ ಒಗ್ಗುವಂತೆ ಮಾರ್ಪಡಿಸಿಕೊಂಡರು. ಅವರು ಅದನ್ನು ‘ಮೂಲ ರೂಪ’ದಲ್ಲೇ ಬಿಟ್ಟಿದ್ದರೆ ಕರಾವಳಿಯ ಮದುವೆಮನೆಗಳ ಸಂಗೀತ ಇಂದಿನಂತೆ ಇರುತ್ತಿರಲಿಲ್ಲ.

ಇನ್ನು ಹಾರ್ಮೋನಿಯಂ. ಇಲ್ಲಿ ನಮ್ಮ ಐವರೊಳಗೇ ಜಗಳವಿದೆ, ಮುಚ್ಚಿಡುವುದಿಲ್ಲ. ಕಾಲಿನಿಂದ ತಿದಿ ಒತ್ತುವ ಈ ಪೆಟ್ಟಿಗೆ ಹಿಂದೆ ಯಾವುದೋ ನಾಟಕ ಕಂಪನಿಯದಾಗಿತ್ತಂತೆ. ನಾಟಕದ ಪಿಟ್ಟಿನಲ್ಲಿ ಕಾಲು ಹಾರ್ಮೋನಿಯಂ ಕುಳಿತಿತೆಂದರೆ ಸಾಕು, ಮೈಕಿಲ್ಲದೆ ಕಡೆಯ ಬೆಂಚಿಗೂ ಶ್ರುತಿ ಮುಟ್ಟುತ್ತಿತ್ತು. ಬಿಚ್ಚಿ ನೋಡಿದರೆ ತಿದಿಯ ಬಟ್ಟೆ ಪುಡಿಪುಡಿ, ಕೀಲಿಗಳ ಕೆಳಗಿನ ಚರ್ಮ ಜಿರಲೆಯ ಪಾಲು, ಮರಕ್ಕೆ ಗೆದ್ದಲು. ಆದರೆ ಒಳಗಿನ ಹಿತ್ತಾಳೆಯ ರೀಡುಗಳು ಹೊಳೆಯುತ್ತಿವೆ. ಬಲ್ಲವರು ಅವನ್ನು ಹಳೆಯ ಯುರೋಪಿನ ರೀಡು ಎಂದರು. ಅಂಥವನ್ನು ಈಗಲೂ ಹುಡುಕಿಕೊಂಡು ಬಂದು ಹೊಸ ಪೆಟ್ಟಿಗೆಗೆ ಕೂರಿಸುತ್ತಾರೆ. ರೀಡು ಸುಲಭಕ್ಕೆ ಸಾಯುವುದಿಲ್ಲ. ನಾಲಗೆಯ ತುದಿಯಲ್ಲಿ ಕೆರೆದರೆ ಸ್ವರ ಏರುತ್ತದೆ, ಬುಡದಲ್ಲಿ ಕೆರೆದರೆ ಇಳಿಯುತ್ತದೆ. ಅಷ್ಟು ಮಾತ್ರದ ಉಪಚಾರಕ್ಕೆ ನೂರು ವರ್ಷದ ಹಿತ್ತಾಳೆ ಮತ್ತೆ ಹಾಡುತ್ತದೆ. ಕಾಲಿನ ಭಾಗವನ್ನು ಕಳಚಿ ಕೈ ಹಾರ್ಮೋನಿಯಮ್ಮಾಗಿ ಮಾರ್ಪಡಿಸಿದರೆ ಕಲಿಯುವ ಮಕ್ಕಳು ಹೊತ್ತುಕೊಂಡು ಹೋಗಬಹುದು ಎಂಬುದು ನಾಲ್ವರ ಅಭಿಪ್ರಾಯ. ಕಾಲು ಹಾರ್ಮೋನಿಯಂ ಈಗ ಕಾಣಸಿಗುವುದೇ ವಿರಳ, ಆ ಕಾಲನ್ನು ಕತ್ತರಿಸುವುದೆಂದರೆ ರಂಗಭೂಮಿಯ ಒಂದು ನೆನಪನ್ನು ಕತ್ತರಿಸಿದಂತೆ ಎಂದು ಐದನೆಯವರು ಹಟ ಹಿಡಿದಿದ್ದಾರೆ. ಅವರು ಬಾಲ್ಯದಲ್ಲಿ ಗದಗಿನ ಕಡೆಯ ನಾಟಕಗಳನ್ನು ಪರದೆಯ ಪಕ್ಕದಲ್ಲಿ ಕುಳಿತು ನೋಡಿದವರು. ಅವರ ಮಾತಿಗೆ ನಮ್ಮಲ್ಲಿ ಇನ್ನೂ ಉತ್ತರವಿಲ್ಲ.

ಆದರೆ ‘ಅದು ನಮ್ಮ ವಾದ್ಯವೇ ಅಲ್ಲ, ರಿಪೇರಿ ಯಾಕೆ?’ ಎಂದು ಸಭೆಯಲ್ಲಿ ಎದ್ದ ಮಾತಿಗೆ ಉತ್ತರವಿದೆ. 1840ರ ದಶಕದ ಪ್ಯಾರಿಸ್ಸಿನಲ್ಲಿ ಹುಟ್ಟಿದ ಪೆಟ್ಟಿಗೆ ಇದು. ನೆಲದ ಮೇಲೆ ಕುಳಿತು ಒಂದು ಕೈಯಲ್ಲಿ ತಿದಿ ಒತ್ತುವ ಹಾಗೆ ಅದನ್ನು ಮಾರ್ಪಡಿಸಿದವರು ನಮ್ಮವರು. ಆಕಾಶವಾಣಿ ಇದನ್ನು 1940ರಿಂದ 1971ರವರೆಗೆ ದೂರವಿಟ್ಟಿತು. ಅದರ ಸ್ವರಸ್ಥಾನಗಳು ಒಪ್ಪದೆ ಸಾಂಗ್ಲಿಯ ನಿವೃತ್ತ ಡೆಪ್ಯುಟಿ ಕಲೆಕ್ಟರ್ ದೇವಲ್ ಅವರೂ ಐಸಿಎಸ್ ಅಧಿಕಾರಿ ಕ್ಲೆಮೆಂಟ್ಸರೂ ಅಬ್ದುಲ್ ಕರೀಮ್ ಖಾನರ ಕಂಠದ ನೆರವಿನಿಂದ ಶ್ರುತಿ ಹಾರ್ಮೋನಿಯಮ್ಮಿಗೆ ಕೈ ಹಾಕಿದರು; 1916ರ ಬರೋಡಾ ಸಂಗೀತ ಸಮ್ಮೇಳನದಲ್ಲಿ ಅದು ವಾದವಿವಾದಕ್ಕೆ ಗುರಿಯಾಯಿತು. ಪ್ರಯತ್ನ ಗೆಲ್ಲಲಿಲ್ಲ. ಆದರೂ ಮಿರಜ ಸಾಂಗ್ಲಿಗಳ ಆ ಜಗಳ ನಮಗೆ ಪ್ರಿಯ, ಏಕೆಂದರೆ ಅಲ್ಲಿ ಎಲ್ಲರೂ ಸ್ಕ್ರೂಡ್ರೈವರ್ ಹಿಡಿದು ಜಗಳವಾಡಿದರು. ಅದೇ ಗಡಿಯ ಕಾಗವಾಡದಲ್ಲಿ 1917ರಲ್ಲಿ ಹುಟ್ಟಿದ ರಾಮಭಾವು ಬಿಜಾಪುರೆಯವರು ಬೆಳಗಾವಿಯಲ್ಲಿ ಕುಳಿತು ಆ ‘ಪರಕೀಯ’ ಪೇಟ್ಟಿಯಿಂದ ಎಷ್ಟು ಗಾಯಕರಿಗೆ ನೆರಳಾದರು ಎಂಬುದನ್ನು ಉತ್ತರ ಕರ್ನಾಟಕದವರಿಗೆ ಹೇಳಬೇಕಾಗಿಲ್ಲ.

ಹಣದ ಮಾತನ್ನೂ ಆಡೋಣ. ರಿಪೇರಿಗೆ ತಗಲುವ ವೆಚ್ಚಕ್ಕೆ ಇನ್ನಷ್ಟು ಸೇರಿಸಿದರೆ ಹೊಸದೇ ಬರುತ್ತದೆ ಎಂದು ಖಜಾಂಚಿಯವರು ಹೇಳಿದರು. ಲೆಕ್ಕ ತಪ್ಪಲ್ಲ. ಅದೇ ಸಭೆಯಲ್ಲಿ ಗಾಜು, ಅಲ್ಯೂಮಿನಿಯಂ ಚೌಕಟ್ಟು, ದೀಪ, ಫಲಕ, ವಾರ್ನಿಶ್ ಎಲ್ಲ ಸೇರಿದ ಮೊತ್ತವನ್ನೂ ಓದಲಾಯಿತು. ಅದು ಉಸ್ತಾದರು ಹೇಳಿದ ಕೂಲಿಗಿಂತ ಹೆಚ್ಚು. ತೋರಿಕೆಗೆ ಹಣವಿದೆ, ದುರಸ್ತಿಗೆ ಇಲ್ಲ. ಮಿರಜದ ಸಿತಾರು ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು. ಪತ್ರಿಕೆಯ ತುಣುಕನ್ನು ನಮ್ಮ ವಾಟ್ಸಾಪ್ ಗುಂಪಿನಲ್ಲಿ ಇಪ್ಪತ್ತು ಮಂದಿ ಹಂಚಿಕೊಂಡರು. ಆ ಮನ್ನಣೆ ಕಾಯುವುದು ಹೊಸ ವಾದ್ಯದ ಹೆಸರನ್ನು. ಹಳೆಯದರ ಜವಾರಿ ತಿದ್ದುವ ಕಿವಿಯನ್ನು ಕಾಯುವುದು ನಾವು ಕೊಡುವ ಕೆಲಸ ಮಾತ್ರ. ಕೆಲಸ ತರುವವರೇ ಇಲ್ಲದಿದ್ದರೆ ಮಗ ಮೊಬೈಲ್ ಅಂಗಡಿ ಇಡುತ್ತಾನೆ, ಅದರಲ್ಲಿ ಅವನ ತಪ್ಪೇನು? ಕಛೇರಿಯ ಮುಗಿವಿನಲ್ಲಿ ಗಾಯಕರಿಗೆ, ಪಕ್ಕವಾದ್ಯದವರಿಗೆ, ಧ್ವನಿವರ್ಧಕದವರಿಗೆ ಶಾಲು ಹೊದಿಸುತ್ತೇವೆ. ವಾದ್ಯ ಮಾಡಿದವರನ್ನು, ತಿದ್ದಿದವರನ್ನು ವೇದಿಕೆಗೆ ಕರೆದ ಒಂದು ಸಂದರ್ಭವನ್ನೂ ನಮ್ಮ ಬಳಗದ ವರದಿಗಳಲ್ಲಿ ನಾವು ಕಾಣಲಿಲ್ಲ, ಹುಡುಕಿ ನೋಡಿದ್ದೇವೆ.

ವಿಷ್ಣು ದಿಗಂಬರ ಪಲುಸ್ಕರರು ಇದನ್ನು ಬಲ್ಲವರಾಗಿದ್ದರು. ಮಿರಜದಲ್ಲಿ ಕಲಿತು, 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದ ಅವರು ಪಾಠದ ಜೊತೆಗೆ ಮುದ್ರಣಾಲಯವನ್ನೂ ವಾದ್ಯಗಳ ಕಾರ್ಯಾಗಾರವನ್ನೂ ಬೆಳೆಸಿದರು. ಕೊನೆಯ ವರ್ಷಗಳನ್ನು ಇಲ್ಲಿಗೆ ದೂರವಲ್ಲದ ನಾಸಿಕದ ಆಶ್ರಮದಲ್ಲಿ ರಾಮನಾಮದೊಡನೆ ಕಳೆದು, 1931ರಲ್ಲಿ ಮಿರಜದಲ್ಲೇ ಕಣ್ಮುಚ್ಚಿದರು. ಅವರ ಹೆಸರಿನಲ್ಲಿ ಪರೀಕ್ಷೆ ಬರೆಯುವ ಮಕ್ಕಳಲ್ಲಿ ತಂತಿ ಬದಲಿಸಲು ಬರುವವರು ಎಷ್ಟು ಮಂದಿ? ನಮ್ಮ ಬಳಗದ ಸಂಗೀತ ತರಗತಿಯಲ್ಲಿ ಯಾರೂ ಇಲ್ಲ. ಇದನ್ನು ನಮ್ಮ ಮೇಲೆಯೇ ಹೇಳಿಕೊಳ್ಳುತ್ತಿದ್ದೇವೆ. ಆ ತರಗತಿಯ ಮೇಲ್ವಿಚಾರಣೆ ನಮ್ಮ ಐವರಲ್ಲಿ ಇಬ್ಬರದು.

ವಿದ್ಯುತ್ ತಂಬೂರಿಗೆ ನಾವು ವಿರೋಧಿಗಳೆಂದು ಯಾರೋ ಸುದ್ದಿ ಹಬ್ಬಿಸಿದ್ದಾರೆ. ಖಂಡಿತ ಅಲ್ಲ. ಅದೂ ಒಂದು ಮಾರ್ಪಾಟೇ, ಬೆಂಗಳೂರಿನ ಜಾಣರೇ ಅದನ್ನು ಮನೆಮನೆಗೆ ತಲುಪಿಸಿದರು. ಬೆಳಗಿನ ಸಾಧನೆಗೆ, ಪ್ರಯಾಣಕ್ಕೆ, ಒಬ್ಬಂಟಿ ಕೋಣೆಗೆ ಅದಕ್ಕಿಂತ ಆಪ್ತ ಸಂಗಾತಿ ಇಲ್ಲ. ಕೊಳ್ಳಿರಿ. ಆದರೆ ಅದು ಎಂದೂ ಕೆಡದಂತೆ ಒಂದೇ ಸುತ್ತನ್ನು ಸುತ್ತುತ್ತದೆ. ಶ್ರುತಿ ಕೂಡಿಸುವ ಕೆಲಸವನ್ನು ಮಗುವಿನ ಕಿವಿಯಿಂದ ಕಿತ್ತುಕೊಳ್ಳುತ್ತದೆ. ನಾಲ್ಕು ತಂತಿಗಳನ್ನು ಮಣಿ ಸರಿಸಿ ಸರಿಸಿ ಕೂಡಿಸಲು ಕಲಿತ ಮಗುವಿಗೆ ಷಡ್ಜವೆಂದರೇನೆಂದು ಬೇರೆ ಪಾಠ ಬೇಕಾಗಿಲ್ಲ.

ದೂರದಲ್ಲಿ ಕುಳಿತು ಇದನ್ನು ಓದುತ್ತಿರುವವರಿಗೆ ಒಂದು ಮಾತು. ಮಸ್ಕತ್ತಿನ ಫ್ಲಾಟಿನಲ್ಲೋ ನ್ಯೂಜೆರ್ಸಿಯ ನೆಲಮಾಳಿಗೆಯಲ್ಲೋ ನಿಮ್ಮ ಅತ್ತೆಯ ವೀಣೆ, ಅಜ್ಜನ ಪಿಟೀಲು, ಯಾರದೋ ಮೃದಂಗ ಚೀಲದೊಳಗೆ ನಿಂತಿರಬಹುದು. ಅಲ್ಲಿನ ಶತ್ರು ಒಣ ಗಾಳಿ: ಹಿಮದೂರಿನ ಹೀಟರು, ಮರಳೂರಿನ ಎ.ಸಿ. ಕೋಣೆಯ ತೇವಾಂಶ ಶೇ. 40ರಿಂದ 60ರ ನಡುವೆ ಇರುವಂತೆ ನೋಡಿಕೊಂಡರೆ ಅರ್ಧ ರಿಪೇರಿ ತಪ್ಪುತ್ತದೆ. ಬಹುಕಾಲ ನುಡಿಸದಿದ್ದರೆ ಎಲ್ಲ ತಂತಿಗಳನ್ನೂ ಸಮವಾಗಿ ಸ್ವಲ್ಪ ಸಡಿಲಿಸಿ. ಒಂದನ್ನೇ ಬಿಚ್ಚಿ ಉಳಿದವನ್ನು ಬಿಗಿದಿಡಬೇಡಿ. ಸೀಳು ಕಂಡರೆ ಎಂ-ಸೀಲ್, ಫೆವಿಕ್ವಿಕ್ ಮುಟ್ಟಬೇಡಿ, ಮುಂದೆ ತಿದ್ದುವವನಿಗೆ ಅದನ್ನು ಕೀಳುವುದೇ ದೊಡ್ಡ ಕೆಲಸವಾಗುತ್ತದೆ. ಊರಿಗೆ ಬರುವಾಗ ಚಾಕಲೇಟಿನ ಪೆಟ್ಟಿಗೆಯ ಜೊತೆ ಕುದುರೆಯನ್ನೋ ಬಿರಡೆಯನ್ನೋ ಕಳಚಿ ತನ್ನಿ. ಇಡೀ ವಾದ್ಯ ತರಲಾಗದಿದ್ದರೂ ಆ ಒಂದು ತುಂಡು ನೋಡಿ ಹೊಸದನ್ನು ಕೊರೆದುಕೊಡುವವರು ಇನ್ನೂ ಇದ್ದಾರೆ. ಮತ್ತು ಅಲ್ಲಿಯ ಪಿಟೀಲು ರಿಪೇರಿಯವನೊಬ್ಬನಿಗೆ ವೀಣೆಯನ್ನು ಬಿಚ್ಚಿ ತೋರಿಸಿ. ಮರ ಬಲ್ಲವನಿಗೆ ಭಾಷೆ ಅಡ್ಡಬರುವುದಿಲ್ಲ.

ತಂಬೂರಿ ಈಗ ಮಿರಜದಲ್ಲೇ ಇದೆ. ಬುರುಡೆಯನ್ನು ಬದಲಿಸದೆ ಅದನ್ನೇ ಕೂಡಿಸಿ ನೋಡುತ್ತೇನೆಂದು ಉಸ್ತಾದರು ಹೇಳಿದ್ದಾರೆ. ಮಳೆಗಾಲದಲ್ಲಿ ಅಂಟು ಒಣಗುವುದು ತಡ, ದಸರೆ ಕಳೆದು ಬನ್ನಿ ಎಂದಿದ್ದಾರೆ. ಮುಂಗಡವನ್ನು ನಾವು ಐವರೇ ಕೊಟ್ಟಿದ್ದೇವೆ, ಬಳಗದ ಹಣ ಮುಟ್ಟಿಲ್ಲ. ಆದರೆ ಅನುಮತಿಯಿಲ್ಲದೆ ಬಳಗದ ಆಸ್ತಿಯನ್ನು ಸಾಗಿಸಿದ್ದೇವೆ ಎಂಬ ಆರೋಪ ನಮ್ಮ ಮೇಲಿದೆ, ಅದು ನಿಜ. ಮುಂದಿನ ಸಭೆ ದೀಪಾವಳಿಯ ನಂತರದ ಭಾನುವಾರ. ಹಾರ್ಮೋನಿಯಂ ಕಚೇರಿಯಲ್ಲೇ ಬಿಚ್ಚಿಕೊಂಡು ಕುಳಿತಿದೆ, ರೀಡುಗಳು ಒಂದು ಬಿಸ್ಕತ್ತಿನ ಡಬ್ಬದಲ್ಲಿವೆ. ಗಾಜಿನ ಪೆಟ್ಟಿಗೆಗೆ ಅಳತೆ ತೆಗೆದುಕೊಂಡು ಹೋದ ಬಡಗಿಗೆ ಕೆಲಸ ನಿಲ್ಲಿಸಲು ಇನ್ನೂ ಯಾರೂ ಹೇಳಿಲ್ಲ.